ಸೇನೆಯ ಹಳೆಯ ಕೈಗಡಿಯಾರ ಗುರುತಿಸುವುದು, ಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಸೇನೆಯ ಹಳೆಯ ವಾಚ್ ಕೊಳ್ಳಲು ಹೊರಟವರ ಕಣ್ಣು ಮೊದಲು ಹೋಗುವುದು ಡಯಲ್ ಮೇಲೆ. ಕಪ್ಪು ಮುಖ, ಬಿಳಿ ಅಂಕಿ, ಒಂದು ಪುಟ್ಟ ಬಾಣ. ಅಷ್ಟಕ್ಕೇ ಮನಸ್ಸು ಸೋಲುತ್ತದೆ. ನನಗೂ ಹಾಗೇ ಆಗಿತ್ತು. ಇಷ್ಟು ವರ್ಷ ಹುಡುಕಿ, ಕೆಲವನ್ನು ಕೊಂಡು, ಕೆಲವನ್ನು ಕೈಬಿಟ್ಟ ಮೇಲೆ ಗೆಳೆಯರಿಗೆ ಹೇಳುವುದು ಇಷ್ಟೇ: ಮೊದಲು ವಾಚನ್ನು ತಿರುಗಿಸಿ ಬೆನ್ನು ನೋಡಿ. ಬೆನ್ನು ಹೇಳುವ ಮಾತನ್ನು ಒಳಗಿನ ಮಶಿನ್ ಒಪ್ಪುತ್ತದಾ ನೋಡಿ. ಡಯಲ್ ಸರದಿ ಕೊನೆಗೆ.

ಅವರು ನನ್ನನ್ನು ಕೇಳುತ್ತಾ ಬಂದ ಪ್ರಶ್ನೆಗಳನ್ನೇ ಇಲ್ಲಿ ಒಟ್ಟು ಮಾಡಿದ್ದೇನೆ. ಬ್ರಿಟಿಷ್ ಸೇನೆಯ ವಾಚುಗಳ ಮಾತೇ ಜಾಸ್ತಿ ಇದೆ. ಗುರುತು, ನಂಬರು ಹಾಕುವುದರಲ್ಲಿ ಅವರು ತುಂಬಾ ಅಚ್ಚುಕಟ್ಟು. ಹಾಗಾಗಿ ಕಲಿಯಲು ಅವೇ ಸುಲಭ.

"ಮಿಲಿಟರಿ ವಾಚ್" ಅಂತ ಬರೆದು ಮಾರುತ್ತಿದ್ದಾರೆ. ಹಾಗಾದರೆ ಅದು ಸೇನೆಯದ್ದೇ ಅಲ್ವಾ?

ಅಷ್ಟು ಸುಲಭ ಇಲ್ಲ. ಆ ಹೆಸರಿನಲ್ಲಿ ಮೂರು ಥರದ ವಾಚು ಮಾರಾಟವಾಗುತ್ತದೆ.

ಒಂದು, ಸರ್ಕಾರ ಕೊಂಡು, ತನ್ನ ಗುರುತು ಹೊಡೆದು, ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡು ಸೈನಿಕನ ಕೈಗೆ ಕೊಟ್ಟದ್ದು. ಅದು ಅವನ ಸ್ವಂತದ್ದಲ್ಲ. ಬಂದೂಕು, ಕಂಬಳಿ, ನೀರಿನ ಬಾಟಲಿಯ ಹಾಗೆ ಅದನ್ನೂ ಕೆಲಸ ಮುಗಿದ ಮೇಲೆ ವಾಪಸ್ ಕೊಡಬೇಕಿತ್ತು. ಇನ್ನೊಂದು, ಸೈನಿಕ ತನ್ನ ಸಂಬಳದ ದುಡ್ಡಲ್ಲಿ ಕೊಂಡು ಕಟ್ಟಿಕೊಂಡದ್ದು. ಮೂರನೆಯದು, ಸೇನೆಯ ಗಾಳಿಯೂ ಸೋಕದ, ನೋಡಲು ಮಾತ್ರ ಹಾಗಿರುವ ವಾಚು.

ಎರಡನೆಯದಕ್ಕೆ ಮನೆಯವರ ಮಟ್ಟಿಗೆ ಬೆಲೆ ಕಟ್ಟಲಾಗದು, ಒಪ್ಪುತ್ತೇನೆ. ಆದರೆ ಮಾರುಕಟ್ಟೆಯಲ್ಲಿ ಮೊದಲನೆಯದರ ಬೆಲೆ ಕೊಟ್ಟು ಅದನ್ನು ಕೊಳ್ಳಬಾರದು. ಈ ಪುಟದಲ್ಲಿ "ಸೇನೆಯ ವಾಚು" ಅಂದಾಗಲೆಲ್ಲ ಮೊದಲ ಬಗೆಯದ್ದು ಅಂತಲೇ ಓದಿಕೊಳ್ಳಿ.

ಹಿಂದಿನ ಮುಚ್ಚಳದ ಮೇಲೆ ಕಾಗೆ ಕಾಲಿನಂಥ ಮೂರು ಗೆರೆ ಇದೆ. ಏನದು?

ಅದು ಬಾಣದ ತುದಿ. ಇಂಗ್ಲಿಷರು ಅದನ್ನು ಬ್ರಾಡ್ ಆರೋ ಅನ್ನುತ್ತಾರೆ. "ಇದು ಸರ್ಕಾರದ ಸೊತ್ತು" ಅಂತ ಹೇಳಲು ಬ್ರಿಟನ್ನಿನಲ್ಲಿ ಶತಮಾನಗಳಿಂದ ಬಳಸಿದ ಗುರುತು. ಫಿರಂಗಿ, ಕೊಡಲಿ, ಹಗ್ಗ, ದಿಕ್ಸೂಚಿ, ಎಲ್ಲದರ ಮೇಲೂ ಇರುತ್ತಿತ್ತು. 1875ರ ಕಾನೂನು ಈ ಗುರುತನ್ನು ಅನುಮತಿಯಿಲ್ಲದೆ ಹಾಕುವುದನ್ನೇ ಅಪರಾಧ ಮಾಡಿತು.

ಕೆಲವು ವಸ್ತುಗಳ ಮೇಲೆ ಎರಡು ಬಾಣಗಳು ತುದಿಗೆ ತುದಿ ತಾಗಿಸಿಕೊಂಡು ಇರುತ್ತವೆ. ಸರ್ಕಾರ ಅದನ್ನು ಲೆಕ್ಕದಿಂದ ತೆಗೆದು ಹೊರಗೆ ಮಾರಿದೆ ಅಂತ ಅರ್ಥ. ಅದು ದೋಷ ಅಲ್ಲ.

ಬಾಣವನ್ನು ಬೇರೆ ದೇಶಗಳೂ ತಮ್ಮ ಅಕ್ಷರ ಸೇರಿಸಿ ಬಳಸಿದವು. "ಸಿ" ಅಕ್ಷರದ ಹೊಟ್ಟೆಯೊಳಗೆ ಬಾಣ ಇದ್ದರೆ ಕೆನಡಾ. ಎರಡು "ಡಿ" ನಡುವೆ ಬಾಣ ಇದ್ದರೆ ಆಸ್ಟ್ರೇಲಿಯಾ. ಅಮೆರಿಕದ ವಾಚಿನಲ್ಲಿ ಬಾಣ ಇರುವುದಿಲ್ಲ. ಯಾರಾದರೂ ಅಮೆರಿಕನ್ ಸೇನೆಯ ವಾಚು ಅಂತ ಬಾಣ ತೋರಿಸಿದರೆ ಮಾತು ಅಲ್ಲಿಗೇ ನಿಲ್ಲಿಸಿ.

ಬಾಣ ಒಂದೇ ಇದ್ದರೆ ಸಾಲದು, ಇದನ್ನು ಮರೆಯಬೇಡಿ. ಬಾಣದ ಜೊತೆ ಅಕ್ಷರ, ಸ್ಟಾಕ್ ನಂಬರು ಅಥವಾ ಸರಣಿ ನಂಬರು ಇರಬೇಕು. ಮೂರು ಗೆರೆ ಕೊರೆಯಲು ಯಾರಿಗೂ ಐದು ನಿಮಿಷ ಸಾಕು.

ಮೂರು ಡಬ್ಲ್ಯೂ ಇರುವ ವಾಚಿಗೆ ಯಾಕೆ ಇಷ್ಟು ಹೆಸರು?

ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ ಬ್ರಿಟಿಷ್ ಸೇನೆ ತನಗೆ ಬೇಕಾದ ಕೈಗಡಿಯಾರ ಹೀಗೇ ಇರಬೇಕು ಅಂತ ಒಂದು ಪಟ್ಟಿ ಮಾಡಿತು. ಕಪ್ಪು ಡಯಲ್, ಕತ್ತಲಲ್ಲಿ ಕಾಣುವ ಅಂಕಿ ಮತ್ತು ಮುಳ್ಳು, 6ರ ಜಾಗದಲ್ಲಿ ಪುಟ್ಟ ಸೆಕೆಂಡ್ ಮುಳ್ಳು, ಒಡೆದು ಚೂರಾಗದ ಗ್ಲಾಸು, 15 ಜ್ಯೂಯೆಲ್ (ಸವೆತ ತಡೆಯುವ ಪುಟ್ಟ ಹರಳು) ಇರುವ ಮಶಿನ್, ನೀರು ತಡೆಯುವ ಕೇಸು. "ನೀರು ತಡೆಯುವ ಕೈಗಡಿಯಾರ" ಅನ್ನುವುದರ ಇಂಗ್ಲಿಷ್ ಮೊದಲಕ್ಷರಗಳೇ ಆ ಮೂರು ಡಬ್ಲ್ಯೂ.

ಮಾಡಿಕೊಟ್ಟದ್ದು 12 ಕಂಪನಿಗಳು: ಬ್ಯೂರೆನ್, ಸೀಮಾ, ಎಟರ್ನಾ, ಗ್ರಾನಾ, ಐಡಬ್ಲ್ಯೂಸಿ, ಜೇಜರ್-ಲೆಕೂಲ್ಟ್ರ್, ಲೆಮಾನಿಯಾ, ಲಾಂಜೀನ್ಸ್, ಒಮೆಗಾ, ರೆಕಾರ್ಡ್, ಟೈಮರ್, ವರ್ಟೆಕ್ಸ್. ಸಂಗ್ರಹಿಸುವವರು ಈ ಹನ್ನೆರಡಕ್ಕೂ ಸೇರಿ "ಡರ್ಟಿ ಡಜನ್" ಅಂತ ಹೆಸರಿಟ್ಟಿದ್ದಾರೆ. ಹನ್ನೆರಡನ್ನೂ ಕೂಡಿಸುವುದು ಹಲವರ ಜೀವಮಾನದ ಆಸೆ. ಗ್ರಾನಾ ಮಾಡಿದ್ದು ತೀರಾ ಕಡಿಮೆ. ಹನ್ನೊಂದು ಕೂಡಿಸಿದವರೆಲ್ಲ ಕೊನೆಗೆ ಅದರ ಬಾಗಿಲಲ್ಲೇ ನಿಲ್ಲುತ್ತಾರೆ. ಅದಕ್ಕೇ ಗ್ರಾನಾ ಹೆಸರಿನಲ್ಲಿ ಮೋಸವೂ ಜಾಸ್ತಿ.

ಬೆನ್ನಿನ ಮೇಲೆ ಏನಿರಬೇಕು? ಬಾಣ. ಮೂರು ಡಬ್ಲ್ಯೂ. ಕಂಪನಿಯ ಸರಣಿ ನಂಬರು. ಅದರ ಜೊತೆ ಒಂದು ಅಕ್ಷರದಿಂದ ಶುರುವಾಗುವ ಸೇನೆಯ ನಂಬರು. ಕೆಲವದರಲ್ಲಿ ಇನ್ನೂ ಏನೋ ಹೊಡೆದಿರುತ್ತದೆ. ಯುದ್ಧದ ನಂತರ ಇವುಗಳಲ್ಲಿ ಒಂದಷ್ಟು ಡಚ್ ಸೇನೆಗೆ ಹೋದವು, ಅವುಗಳ ಮೇಲೆ "ಕೆಎಲ್" ಇದೆ. ಇಂಡೋನೇಷ್ಯಾದ ಸೇನೆಗೆ ಹೋದವುಗಳ ಮೇಲೆ "ಎಡಿಆರ್‌ಐ" ಇದೆ. ಇಂಥ ಹೆಚ್ಚುವರಿ ಅಕ್ಷರ ಕಂಡು ಹೆದರಬೇಡಿ. ಆ ವಾಚು ಎಲ್ಲೆಲ್ಲಿ ಓಡಾಡಿದೆ ಅನ್ನುವ ದಾಖಲೆ ಅದು. ನನಗಂತೂ ಅಂಥವೇ ಹೆಚ್ಚು ಇಷ್ಟ.

ಮಶಿನ್ ಹೆಸರು ಬರೆದಿಟ್ಟುಕೊಳ್ಳಿ, ಇದು ಬಹಳ ಉಪಯೋಗಕ್ಕೆ ಬರುತ್ತದೆ. ಒಮೆಗಾ ಒಳಗೆ 30ಟಿ2, ಲಾಂಜೀನ್ಸ್ ಒಳಗೆ 12.68ಝಡ್, ಐಡಬ್ಲ್ಯೂಸಿ ಒಳಗೆ 83, ಜೇಜರ್-ಲೆಕೂಲ್ಟ್ರ್ ಒಳಗೆ 479, ಸೀಮಾ ಒಳಗೆ 234, ವರ್ಟೆಕ್ಸ್ ಒಳಗೆ 59. ಬೇರೆ ಏನಾದರೂ ಕಂಡರೆ ಯಾರೋ ಬದಲಿಸಿದ್ದಾರೆ ಅಂತಲೇ ಲೆಕ್ಕ.

ಮಾರುವವರು "ಇದು ನಾರ್ಮಂಡಿ ದಂಡೆಗೆ ಹೋಗಿ ಬಂದ ಮೂರು ಡಬ್ಲ್ಯೂ ವಾಚು" ಅನ್ನುತ್ತಾರೆ. ನಂಬಬಹುದಾ?

ಬೇಡ. ನಾರ್ಮಂಡಿಯಲ್ಲಿ ಸೈನ್ಯ ಇಳಿದದ್ದು 1944ರ ಜೂನ್ 6ರಂದು. ಈ ವಾಚುಗಳು ಸೇನೆಯ ಕೈಸೇರಿದ್ದು 1945ರಲ್ಲಿ. ಕೊಹಿಮಾ ಕದನದ ಕಥೆಯೂ ಅಷ್ಟೇ, ಅದು ನಡೆದದ್ದೂ 1944ರಲ್ಲೇ. ಯುದ್ಧ ಮುಗಿಯುವ ಹೊತ್ತಿಗೆ ಬಂದ ವಾಚುಗಳಿವು. ಅವುಗಳ ನಿಜವಾದ ದುಡಿಮೆ ಶುರುವಾದದ್ದು ಆಮೇಲೆ.

ಯುದ್ಧದ ನಡುವೆ ಸಾವಿರಾರು ಕೈಗಳಲ್ಲಿ ಇದ್ದದ್ದು ಅದಕ್ಕಿಂತ ಹಿಂದಿನ "ಎ.ಟಿ.ಪಿ." ಗುರುತಿನ ವಾಚು. ಸಣ್ಣದು, ಹೆಚ್ಚಾಗಿ ಬಿಳಿ ಅಥವಾ ಬೆಳ್ಳಿ ಬಣ್ಣದ ಡಯಲ್. ಸೀಮಾ, ಮೊಯೆರಿಸ್, ರೆಕಾರ್ಡ್, ಟೈಮರ್, ಎನಿಕಾರ್, ಹೀಗೆ ಬಹಳ ಕಂಪನಿಗಳು ಮಾಡಿದವು. ನೋಟಕ್ಕೆ ಸಾದಾ. ಅದಕ್ಕೇ ಯಾರೂ ತಿರುಗಿ ನೋಡುವುದಿಲ್ಲ. ಯುದ್ಧ ಕಂಡ ವಾಚು ಬೇಕು ಅನ್ನುವವರು ಇದನ್ನೇ ಹುಡುಕಬೇಕು. ಬೆಲೆಯೂ ಕಡಿಮೆ.

ನಮ್ಮ ಅಜ್ಜ ಎರಡನೇ ಮಹಾಯುದ್ಧಕ್ಕೆ ಹೋಗಿದ್ದರು. ಅವರ ವಾಚು ಮನೆಯಲ್ಲಿದೆ. ಸೇನೆ ಕೊಟ್ಟದ್ದೇ ಇರಬಹುದಾ?

ಇರಬಹುದು. ಆ ಯುದ್ಧದಲ್ಲಿ ಬ್ರಿಟಿಷ್ ಇಂಡಿಯನ್ ಸೈನ್ಯದಲ್ಲಿ 25 ಲಕ್ಷ ಜನ ದುಡಿದರು. ಕೊಡಗಿನ ಕಡೆ ಹೋದರೆ ಸೇನೆಗೆ ಹೋಗಿಬಂದವರ ಫೋಟೋ ಇಲ್ಲದ ಮನೆ ಅಪರೂಪ. ಆದರೆ ಪ್ರತಿಯೊಬ್ಬ ಸಿಪಾಯಿಗೂ ವಾಚು ಕೊಡುತ್ತಿರಲಿಲ್ಲ. ಸಮಯ ನೋಡಿಯೇ ಮಾಡಬೇಕಾದ ಕೆಲಸ ಇದ್ದವರಿಗೆ ಮಾತ್ರ ಸಿಗುತ್ತಿತ್ತು. ಅದನ್ನೂ ವಾಪಸ್ ಕೊಡಬೇಕಿತ್ತಲ್ಲ. ಹಾಗಾಗಿ ಮನೆಯಲ್ಲಿ ಉಳಿದದ್ದು ಹೆಚ್ಚಾಗಿ ಅವರೇ ಕೊಂಡ ವಾಚು.

ಬೆನ್ನು ನೋಡಿ. ಬಾಣವೂ ನಂಬರೂ ಇದ್ದರೆ ಸೇನೆಯದ್ದು. ಬರೀ ಅಕ್ಷರಗಳಿದ್ದರೆ ಅವಸರ ಬೇಡ. ಆ ಕಾಲದಲ್ಲಿ ರೈಲ್ವೆಯಂಥ ಬೇರೆ ಇಲಾಖೆಗಳೂ ತಮ್ಮ ಗಡಿಯಾರಗಳ ಮೇಲೆ ಅಕ್ಷರ ಕೊರೆಸುತ್ತಿದ್ದವು. ಏನೂ ಇಲ್ಲದಿದ್ದರೂ ಬೇಜಾರು ಮಾಡಿಕೊಳ್ಳಬೇಡಿ. ಅವರ ಸರ್ವಿಸ್ ಪುಸ್ತಕ, ಪದಕ, ಆ ವಾಚು ಕಟ್ಟಿಕೊಂಡಿರುವ ಒಂದು ಫೋಟೋ, ಇವನ್ನೆಲ್ಲ ಒಂದೇ ಡಬ್ಬಿಯಲ್ಲಿ ಇಡಿ. ಮನೆಯ ಹಿರಿಯರು ಹೇಳಿದ ಮಾತನ್ನು ಒಂದು ಹಾಳೆಯಲ್ಲಿ ಬರೆದು ಜೊತೆಗಿಡಿ. ದಯವಿಟ್ಟು ಪಾಲಿಶ್ ಮಾಡಿಸಬೇಡಿ.

ಡಬ್ಲ್ಯೂ10, 0552, 6ಬಿಬಿ: ಈ ನಂಬರುಗಳನ್ನು ಓದುವುದು ಹೇಗೆ?

ಇದು 1960ರ ದಶಕದಿಂದ ಈಚಿನ ಬ್ರಿಟಿಷ್ ವಾಚುಗಳ ಮಾತು. ಡಬ್ಲ್ಯೂ10 ಅಂದರೆ ಭೂಸೇನೆ. 0552 ಅಂದರೆ ನೌಕಾಸೇನೆ. 6ಬಿಬಿ ಅಂದರೆ ವಾಯುಸೇನೆ. ಅದರ ಮುಂದೆ 6645-99 ಅಂತ ಬರುತ್ತದೆ. 6645 ಅಂದರೆ ನ್ಯಾಟೋ ದೇಶಗಳ ಸಾಮಾನು ಪಟ್ಟಿಯಲ್ಲಿ ಸಮಯ ಅಳೆಯುವ ಉಪಕರಣ. 99 ಅಂದರೆ ಬ್ರಿಟನ್. ಕೊನೆಯ ಸಾಲಿನಲ್ಲಿ ಒಂದು ಸರಣಿ ನಂಬರು, ಓರೆಗೆರೆ, ಆಮೇಲೆ ಎರಡು ಅಂಕಿ. ಆ ಎರಡು ಅಂಕಿಯೇ ಇಸವಿ. 1234/69 ಅಂತಿದ್ದರೆ 1969.

ಈ ಇಸವಿಯಿಂದಲೇ ಅರ್ಧ ಮೋಸ ಹಿಡಿಯಬಹುದು. ಸ್ಮಿತ್ಸ್ ಕಂಪನಿ ಚೆಲ್ಟನ್‌ಹ್ಯಾಮ್‌ನಲ್ಲಿ ಮಾಡಿದ ಡಬ್ಲ್ಯೂ10 ವಾಚು 1967ರಿಂದ 1970ರವರೆಗಿನದ್ದು. ಹ್ಯಾಮಿಲ್ಟನ್‌ನದ್ದು 1973ರಿಂದ 1976. ಅದರ ನಂತರ ಸಿಡಬ್ಲ್ಯೂಸಿ ಬಂತು. ಅದು 1972ರಲ್ಲಿ ಶುರುವಾದ ಕಂಪನಿ. ಸ್ಮಿತ್ಸ್ ಹೆಸರಿನ ಡಯಲ್ ಕೆಳಗೆ 78 ಇಸವಿಯ ಬೆನ್ನು ಕಂಡರೆ ಎರಡು ವಾಚು ಸೇರಿಸಿ ಒಂದು ಮಾಡಿದ್ದಾರೆ ಅಂತ ಅರ್ಥ.

ಹ್ಯಾಮಿಲ್ಟನ್ ಮತ್ತು ಮೊದಲ ಸಿಡಬ್ಲ್ಯೂಸಿ ವಾಚುಗಳ ಕೇಸು ಒಂದೇ ತುಂಡು. ಹಿಂದೆ ಮುಚ್ಚಳವೇ ಇಲ್ಲ, ಗ್ಲಾಸು ತೆಗೆದು ಮುಂದಿನಿಂದ ಮಶಿನ್ ಹೊರತೆಗೆಯಬೇಕು. ಎರಡರಲ್ಲೂ ಇಟಿಎ ಅನ್ನುವ ಸ್ವಿಸ್ ಕಂಪನಿಯ 2750 ಮಶಿನ್. ಕೀ ಎಳೆದರೆ ಸೆಕೆಂಡ್ ಮುಳ್ಳು ನಿಲ್ಲುತ್ತದೆ. ಹತ್ತು ಜನರ ವಾಚು ಒಂದೇ ಸೆಕೆಂಡಿಗೆ ಹೊಂದಿಸಬೇಕಲ್ಲ, ಅದಕ್ಕೇ ಈ ಏರ್ಪಾಡು. ಕೊಳ್ಳುವಾಗ ಕೀ ಎಳೆದು ನೋಡಿ.

1980ರಿಂದ ಸಿಡಬ್ಲ್ಯೂಸಿಯ ಬ್ಯಾಟರಿ ವಾಚು ಬಂತು. ಅದಕ್ಕೆ ಜಿ10 ಅನ್ನುತ್ತಾರೆ. ಸೈನಿಕ ಉಗ್ರಾಣದಿಂದ ಸಾಮಾನು ಪಡೆಯಲು ತುಂಬುತ್ತಿದ್ದ ಅರ್ಜಿಯ ಹೆಸರಿನಿಂದ ಬಂದದ್ದು ಅದು.

ವಾಯುಸೇನೆಯ ವಾಚು?

ಹಳೆಯದರಲ್ಲಿ "ಎ.ಎಂ." ಮತ್ತು 6ಬಿ ಅಂತಿರುತ್ತದೆ. ಮೊದಲ ಎರಡಕ್ಷರ ಬ್ರಿಟನ್ನಿನ ವಾಯು ಸಚಿವಾಲಯದ್ದು. ಇವುಗಳಲ್ಲಿ ನನಗೆ ಅತಿ ಇಷ್ಟವಾದದ್ದು 1948ರಲ್ಲಿ ಬಂದ ಮಾರ್ಕ್ 11. ಅದರ ನಂಬರು 6ಬಿ/346. ಐಡಬ್ಲ್ಯೂಸಿ ಮತ್ತು ಜೇಜರ್-ಲೆಕೂಲ್ಟ್ರ್ ಎರಡೇ ಕಂಪನಿ ಮಾಡಿದ್ದು. ವಿಮಾನದೊಳಗಿನ ಯಂತ್ರಗಳ ಅಯಸ್ಕಾಂತ ಬಲ ಮಶಿನ್‌ಗೆ ತಾಗಬಾರದು. ಅದಕ್ಕೆ ಒಳಗೆ ಮೆದು ಕಬ್ಬಿಣದ ಇನ್ನೊಂದು ಡಬ್ಬಿ ಇಟ್ಟರು. ಮುಚ್ಚಳ ತೆಗೆದಾಗ ಆ ಒಳಡಬ್ಬಿ ಇಲ್ಲದಿದ್ದರೆ ವಾಚು ಪೂರ್ತಿ ಇಲ್ಲ ಅಂತಲೇ ಅರ್ಥ. ಐಡಬ್ಲ್ಯೂಸಿಯದ್ದಾದರೆ ಮಶಿನ್ ಮೇಲೆ 89 ಅಂತ ಇರಬೇಕು.

ಅಮೆರಿಕ, ಜರ್ಮನಿಯ ವಾಚುಗಳು?

ಅಮೆರಿಕದ ಎ-11 ಯುದ್ಧಕಾಲದ್ದು. ಎಲ್ಜಿನ್, ವಾಲ್ಥಮ್, ಬುಲೋವಾ ಮಾಡಿದವು. ಸಣ್ಣ ಕೇಸು, ಕಪ್ಪು ಡಯಲ್, ನಡುವಿನಿಂದ ಓಡುವ ಸೆಕೆಂಡ್ ಮುಳ್ಳು. ವಿಯೆಟ್ನಾಂ ಕಾಲದಲ್ಲಿ ಬಂದದ್ದು ಮಿಲ್-ಡಬ್ಲ್ಯೂ-46374, ಕೆಟ್ಟರೆ ಎಸೆಯಲೆಂದೇ ಮಾಡಿದ ಅಗ್ಗದ ವಾಚು. ಅದರ ಬೆನ್ನಿನ ಮೇಲೆ ತಿಂಗಳು, ವರ್ಷ ಎರಡೂ ಇರುತ್ತದೆ. ಓದುವುದು ಸುಲಭ.

ಜರ್ಮನ್ ವಾಚುಗಳ ಹತ್ತಿರ ಹೊಸಬರು ಹೋಗದಿರುವುದೇ ಒಳ್ಳೆಯದು. ಪೈಲಟ್‌ಗಳ 55 ಮಿಲಿಮೀಟರಿನ ದೊಡ್ಡ ವಾಚನ್ನು ಮಾಡಿದ್ದು ಐದೇ ಕಂಪನಿ: ಲಾಂಗೆ, ಐಡಬ್ಲ್ಯೂಸಿ, ಲಾಕೋ, ಸ್ಟೋವಾ, ವೆಂಪೆ. ನಕಲಿ ಮಾಡುವವರಿಗೆ ಇದು ತುಂಬಾ ಲಾಭದ ದಾರಿ.

ಎಚ್‌ಎಂಟಿ ಜವಾನ್ ಸೇನೆಯ ವಾಚಲ್ವಾ?

ಈ ಪ್ರಶ್ನೆ ಕೇಳದ ಕನ್ನಡಿಗರೇ ಇಲ್ಲ. ನಮ್ಮಲ್ಲಿ ಜವಾನ ಅಂದರೆ ಆಫೀಸಿನಲ್ಲಿ ಫೈಲು ಹೊತ್ತು ತರುವವನೂ ಹೌದು. ಇಲ್ಲಿ ಅರ್ಥ ಸೈನಿಕ.

ಎಚ್‌ಎಂಟಿ ಬೆಂಗಳೂರಿನಲ್ಲಿ ಶುರುವಾದದ್ದು 1953ರಲ್ಲಿ, ಯಂತ್ರ ಮಾಡುವ ಯಂತ್ರಗಳ ಕಾರ್ಖಾನೆಯಾಗಿ. ಜಪಾನಿನ ಸಿಟಿಜನ್ ಜೊತೆ ಸೇರಿ 1961ರಲ್ಲಿ ಜಾಲಹಳ್ಳಿಯಲ್ಲಿ ವಾಚು ಮಾಡತೊಡಗಿತು. ಆಮೇಲೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ಜನತಾ, ಪೈಲಟ್, ಜವಾನ್ ಇವೆಲ್ಲ ಆ ಮನೆಯ ಮಕ್ಕಳು. ಕೀ ಕೊಡುವ 17 ಜ್ಯೂಯೆಲ್ ಮಶಿನ್. 2016ರಲ್ಲಿ ಸರ್ಕಾರ ವಾಚಿನ ಘಟಕ ಮುಚ್ಚಲು ತೀರ್ಮಾನಿಸಿತು. ಆ ಸುದ್ದಿ ಬಂದ ಮೇಲೆ ಬೆಲೆ ಏರಿತು, ಬೆಲೆ ಏರಿದ ಮೇಲೆ ನಕಲಿ ಡಯಲ್ ಬಂತು.

ಜವಾನ್ ಅಂತ ಡಯಲ್ ಮೇಲೆ ಬರೆದಿದೆ ಅಂದ ಮಾತ್ರಕ್ಕೆ ಆ ವಾಚು ಸೈನಿಕನ ಕೈಯಲ್ಲಿತ್ತು ಅಂತಲ್ಲ. ಹೆಸರು ಬೇರೆ, ಸೇನೆ ಕೊಟ್ಟದ್ದು ಬೇರೆ. ಪೈಲಟ್ ಕೂಡ ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳಬಹುದಾಗಿದ್ದ ವಾಚು. ಹಸಿರು ಡಯಲ್ ಮೇಲೆ ಕತ್ತಿ, ಪ್ಯಾರಾಚೂಟ್ ಬಿಡಿಸಿ "ಆರ್ಮಿ ಎಚ್‌ಎಂಟಿ" ಅಂತ ಮಾರುವುದು ಈಗ ಎಲ್ಲ ಕಡೆ ಕಾಣುತ್ತದೆ. ಸಂಸ್ಥೆಗಳು ಕೇಳಿದಾಗ ಎಚ್‌ಎಂಟಿ ಅವುಗಳ ಲಾಂಛನ ಹಾಕಿ ಡಯಲ್ ಮಾಡಿಕೊಟ್ಟದ್ದೂ ನಿಜ. ಹಾಗಾಗಿ ಲಾಂಛನ ಇರುವುದೆಲ್ಲ ಸುಳ್ಳು ಅಂತ ಹೇಳುವ ಹಾಗಿಲ್ಲ. ಕಾರ್ಖಾನೆಯ ಡಯಲ್‌ನಲ್ಲಿ ಅಕ್ಷರ ಭೂತಗನ್ನಡಿಯಲ್ಲಿ ನೋಡಿದರೂ ಚೂಪಾಗಿರುತ್ತದೆ. ಹೊಸದಾಗಿ ಅಚ್ಚು ಹಾಕಿದ್ದರಲ್ಲಿ ಅಂಚು ಹರಡಿರುತ್ತದೆ.

ನನ್ನ ಮಾತು ಕೇಳಿದರೆ, ಸೇನೆಯ ಕಥೆಗೆ ಹೆಚ್ಚು ದುಡ್ಡು ಕೊಡದೆ, ಮೂಲ ಡಯಲ್ ಇರುವ ಒಂದು ಒಳ್ಳೆಯ ಜವಾನ್ ಕೊಳ್ಳಿ. ನಮ್ಮೂರಿನ ಜನ ಕೈಯಾರೆ ಜೋಡಿಸಿದ ವಾಚು ಅದು. ಕಾರ್ಖಾನೆಯ ಅಸಲಿ ಡಯಲ್‌ಗಳು ಹೇಗಿರುತ್ತವೆ ಅಂತ ಕಣ್ಣಿಗೆ ಅಭ್ಯಾಸ ಆಗಬೇಕಾದರೆ ಜಾಲಹಳ್ಳಿಯ ಎಚ್‌ಎಂಟಿ ಮ್ಯೂಸಿಯಂಗೆ ಒಮ್ಮೆ ಹೋಗಿ ಬನ್ನಿ. ಸುಮ್ನೆ ನಿಂತು ಅರ್ಧ ದಿನ ನೋಡಬಹುದು.

ವೆಸ್ಟ್ ಎಂಡ್ ಕಂಪನಿಯ "ಸೊವಾರ್"?

ಸೊವಾರ್ ಅಂದರೆ ನಮ್ಮ ಸವಾರನೇ, ಕುದುರೆ ದಳದ ಸಿಪಾಯಿ. ವೆಸ್ಟ್ ಎಂಡ್ ಭಾರತದ ಮಾರುಕಟ್ಟೆಗೆಂದೇ ಸ್ವಿಸ್ ವಾಚು ತರಿಸುತ್ತಿದ್ದ, ಬಾಂಬೆಯಲ್ಲಿ ಬೇರುಬಿಟ್ಟಿದ್ದ ಕಂಪನಿ. ಸೈನಿಕರೂ ಕೊಂಡರು, ಮೇಷ್ಟ್ರು ಮತ್ತು ಸ್ಟೇಷನ್ ಮಾಸ್ತರರೂ ಕೊಂಡರು. ಬೆನ್ನಿನ ಮೇಲೆ ಸೇನೆಯ ಗುರುತು ಇಲ್ಲದ ಸೊವಾರ್ ಒಂದು ಒಳ್ಳೆಯ ಹಳೆಯ ವಾಚು, ಅಷ್ಟೇ.

ಡಯಲ್‌ಗೆ ಹೊಸ ಬಣ್ಣ ಹೊಡೆದಿದ್ದಾರಾ ಅಂತ ತಿಳಿಯುವುದು ಹೇಗೆ?

ನಮ್ಮ ದೇಶದಿಂದ ಹೊರಗೆ ಹೋಗುವ ಹಳೆಯ ವಾಚುಗಳಲ್ಲಿ ಹೊಸ ಬಣ್ಣದವು ಎಷ್ಟಿವೆಯೆಂದರೆ, ಹೊರದೇಶದವರು ಅವಕ್ಕೆ "ಮುಂಬೈ ಸ್ಪೆಷಲ್" ಅಂತಲೇ ಹೆಸರಿಟ್ಟಿದ್ದಾರೆ. ಕೇಳುವಾಗ ಬೇಜಾರಾಗುತ್ತದೆ.

ನನ್ನದೇ ಒಂದು ಕಥೆ ಹೇಳುತ್ತೇನೆ. ಆರಂಭದ ದಿನಗಳಲ್ಲಿ ಒಂದು ಸೀಮಾ ಕೊಂಡೆ. ಮೂರು ಡಬ್ಲ್ಯೂ, ಬಾಣ, ಎಲ್ಲ ಇತ್ತು. ಡಯಲ್ ಎಷ್ಟು ಕಪ್ಪು ಅಂದರೆ ಈಗ ತಾನೇ ಒರೆಸಿದ ಬೋರ್ಡಿನ ಹಾಗೆ. ಮಾರಿದವರು "ಅಪರೂಪದ ಸ್ಥಿತಿ" ಅಂದರು. ನಾನು ಪರಿಚಯದ ರಿಪೇರಿಯವರ ಹತ್ತಿರ ಒಯ್ದೆ. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಮೊದಲು ಬೆನ್ನು ನೋಡಿದರು. "ಸಾರ್, ಕೇಸಿನ ಅಂಚೆಲ್ಲ ಸವೆದು ದುಂಡಗಾಗಿದೆ. ಅಕ್ಷರ ಮಾತ್ರ ಮೊನ್ನೆ ಹೊಡೆದ ಹಾಗಿದೆ" ಅಂದರು. ಮುಚ್ಚಳ ತೆಗೆದರೆ ಒಳಗೆ 234 ಇರಲಿಲ್ಲ. ಯಾವುದೋ ಸಣ್ಣ ಮಶಿನ್, ಜಾಗ ತುಂಬಲು ಸುತ್ತ ಒಂದು ತಗಡಿನ ಬಳೆ. ಡಯಲ್ ಹಿಂದೆ ಅದನ್ನು ಮಶಿನ್‌ಗೆ ಸಿಕ್ಕಿಸುವ ಪುಟ್ಟ ಕಾಲುಗಳಿರಲಿಲ್ಲ, ಅಂಟು ಹಾಕಿ ಕೂರಿಸಿದ್ದರು. ಒಂದೂವರೆ ತಿಂಗಳ ಸಂಬಳ ಹೋಯಿತು. ಆ ಐದು ನಿಮಿಷದ ಪಾಠವೇ ಇವತ್ತಿಗೂ ನನ್ನ ಕೈಹಿಡಿದು ನಡೆಸುತ್ತಿದೆ.

ಹಾಗಾಗಿ ಇವನ್ನು ನೋಡಿ. ನಿಮಿಷದ ಗೆರೆಗಳು ಅಂಕಿಯ ನಡುವಿಗೆ ಸರಿಯಾಗಿ ಬರುತ್ತವಾ? ಪುಟ್ಟ ಸೆಕೆಂಡ್ ವೃತ್ತ ನಡುವಿನಿಂದ ಪಕ್ಕಕ್ಕೆ ಸರಿದಿದೆಯಾ? ಕಂಪನಿ ಹೆಸರಿನ ಅಕ್ಷರಗಳ ನಡುವಿನ ಜಾಗ ಒಂದೇ ಥರ ಇದೆಯಾ? ಡಯಲ್ ಹೊಸದಾಗಿ ಹೊಳೆಯುತ್ತಾ ಮುಳ್ಳು ಮಾತ್ರ ತುಕ್ಕು ಹಿಡಿದಿದೆಯಾ? ಎಂಬತ್ತು ವರ್ಷ ಒಂದೇ ಗ್ಲಾಸಿನ ಕೆಳಗೆ ಇದ್ದವು ಒಟ್ಟಿಗೇ ಮುಪ್ಪಾಗಬೇಕು.

ಟಾರ್ಚ್ ಪರೀಕ್ಷೆಯೂ ಒಂದಿದೆ. ಡಯಲ್ ಮೇಲೆ ಅರ್ಧ ನಿಮಿಷ ಬೆಳಕು ಬಿಟ್ಟು, ದೀಪ ಆರಿಸಿ. ಯುದ್ಧಕಾಲದ ವಾಚು ಕತ್ತಲಲ್ಲಿ ತುಂಬಾ ಹೊತ್ತು ಹಸಿರಾಗಿ ಉರಿಯುತ್ತಿದ್ದರೆ ಅದಕ್ಕೆ ಇತ್ತೀಚಿನ ಬಣ್ಣ ಹಚ್ಚಿದ್ದಾರೆ.

ಮುಳ್ಳು ಬೇರೆ, ಡಯಲ್ ಬೇರೆ ಕಾಲದ್ದು ಅಂತ ಕಂಡರೆ ಪೂರ್ತಿ ನಕಲಿ ಅಂತಲೇ?

ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ಸೇನೆಯ ವಾಚು ಕೆಟ್ಟರೆ ಸೇನೆಯ ವರ್ಕ್‌ಶಾಪ್‌ನಲ್ಲೇ ರಿಪೇರಿ. ಅಲ್ಲಿನವರಿಗೆ ವಾಚು ಓಡಿದರೆ ಸಾಕು. ಕೈಗೆ ಸಿಕ್ಕ ಮುಳ್ಳು ಹಾಕುತ್ತಿದ್ದರು. ಕತ್ತಲಲ್ಲಿ ಹೊಳೆಯಲೆಂದು ಹಚ್ಚುತ್ತಿದ್ದ ರೇಡಿಯಂನ ಅಪಾಯ ಗೊತ್ತಾದ ಮೇಲೆ ಬ್ರಿಟಿಷ್ ರಕ್ಷಣಾ ಇಲಾಖೆಯೇ ಬಹಳ ಹಳೆಯ ಡಯಲ್‌ಗಳನ್ನು ತೆಗೆದು, ಅದರ ಬದಲು ಟ್ರಿಟಿಯಂ ಅನ್ನುವ ಕಡಿಮೆ ಅಪಾಯದ ವಸ್ತು ಹಚ್ಚಿದ ಹೊಸವನ್ನು ಹಾಕಿಸಿತು. ಅವುಗಳ ಮೇಲೆ ಒಂದು ವೃತ್ತ, ಅದರೊಳಗೆ "ಟಿ" ಅಕ್ಷರ ಇರುತ್ತದೆ. 1945ರ ಒಮೆಗಾದಲ್ಲಿ ಅಂಥ ಡಯಲ್ ಇದ್ದರೆ ಅದು ಸೇವೆಯ ಗುರುತು, ಮೋಸ ಅಲ್ಲ. ಮೂಲ ಡಯಲ್ ಇರುವುದಕ್ಕಿಂತ ಬೆಲೆ ಕಡಿಮೆ ಇರಬೇಕು, ಅಷ್ಟೇ. ವೃತ್ತದೊಳಗೆ "ಎಲ್" ಇದ್ದರೆ ಮಾತ್ರ ಅದು ಈಚಿನ ಕಾಲದ್ದು.

ರೇಡಿಯಂ ಇರುವ ವಾಚು ಮನೆಯಲ್ಲಿ ಇಡಬಹುದಾ?

ನಾವು ಕತ್ತಲಲ್ಲಿ ಹೊಳೆಯುವ ಸ್ಟಿಕ್ಕರ್‌ಗೂ ರೇಡಿಯಂ ಅಂತಲೇ ಅನ್ನುತ್ತೇವೆ. ಅದರಲ್ಲಿ ರೇಡಿಯಂ ಇಲ್ಲ. ಯುದ್ಧಕಾಲದ ವಾಚಿನಲ್ಲಿ ಇರುವುದು ನಿಜವಾದ ರೇಡಿಯಂ. ಅದರ ಶಕ್ತಿ ಅರ್ಧಕ್ಕೆ ಇಳಿಯಲು 1,600 ವರ್ಷ ಬೇಕು. ಹೊಳಪು ಹೋಗಿರುವುದು ಜೊತೆಗೆ ಬೆರೆಸಿದ್ದ ಪುಡಿ ಸವೆದದ್ದರಿಂದ. ರೇಡಿಯಂ ಹಾಗೇ ಇದೆ. ಟ್ರಿಟಿಯಂ ಆದರೆ ಸುಮಾರು 12 ವರ್ಷಕ್ಕೆ ಅರ್ಧ ಆಗುತ್ತದೆ, ಅದರ ಚಿಂತೆ ಕಡಿಮೆ.

ದೊಡ್ಡ ಅಪಾಯ ಅದರ ಪುಡಿ ಮೂಗು, ಬಾಯಿಗೆ ಹೋಗುವುದರಲ್ಲಿದೆ. ನೀವೇ ಗ್ಲಾಸು ತೆಗೆಯಬೇಡಿ. ಅಂಕಿ ಕೆರೆಯಬೇಡಿ. ಮಕ್ಕಳ ಕೈಗೆ ಕೊಡಬೇಡಿ. ರಿಪೇರಿಗೆ ಕೊಡುವಾಗ "ಇದರಲ್ಲಿ ರೇಡಿಯಂ ಇದೆ" ಅಂತ ಮೊದಲೇ ಹೇಳಿ, ಅದು ಅವರ ಆರೋಗ್ಯದ ಪ್ರಶ್ನೆ. ರೇಡಿಯಂನಿಂದ ರೇಡಾನ್ ಅನ್ನುವ ಅನಿಲ ಹೊರಡುತ್ತದೆ. ಆದ್ದರಿಂದ ಇಂಥ ಹತ್ತಾರು ವಾಚನ್ನು ಮಲಗುವ ಕೋಣೆಯಲ್ಲಿ ಇಡಬೇಡಿ, ಗಾಳಿಯಾಡುವ ಜಾಗ ಇರಲಿ. ಹಾಸಿಗೆ ಪಕ್ಕ ಇಟ್ಟು ಮಲಗುವ ಅಭ್ಯಾಸವಂತೂ ಖಂಡಿತ ಬೇಡ.

ದೂರದಿಂದ ಕೊಳ್ಳುವಾಗ ಯಾವ ಫೋಟೋ ಕೇಳಬೇಕು?

ಡಯಲ್ ನೇರವಾಗಿ. ಮುಚ್ಚಳದ ಹೊರಗೆ, ಮುಚ್ಚಳದ ಒಳಗೆ. ಮಶಿನ್, ಅದರ ಮೇಲಿನ ನಂಬರು ಓದುವಷ್ಟು ಹತ್ತಿರದಿಂದ. ಪಟ್ಟಿ ಸಿಕ್ಕಿಸುವ ಕೊಂಬುಗಳು ಪಕ್ಕದಿಂದ. ಇವಿಷ್ಟು ಕೊಡಲು ಹಿಂದೇಟು ಹಾಕಿದರೆ ಮುಂದೆ ಹೋಗಬೇಡಿ. "ಮುಚ್ಚಳ ತೆರೆಯಲು ಬರಲ್ಲ" ಅನ್ನುವುದು ತುಂಬಾ ಹಳೆಯ ಮಾತು. ಪಕ್ಕದ ಬೀದಿಯ ರಿಪೇರಿಯವರು ಎರಡು ನಿಮಿಷದಲ್ಲಿ ತೆರೆಯುತ್ತಾರೆ.

ಲಾಂಜೀನ್ಸ್ ಆದರೆ ಇನ್ನೊಂದು ಅನುಕೂಲ ಇದೆ. ಕಂಪನಿ ಹಳೆಯ ಲೆಕ್ಕದ ಪುಸ್ತಕಗಳನ್ನು ಜೋಪಾನವಾಗಿ ಇಟ್ಟಿದೆ. ಸರಣಿ ನಂಬರು ಕೊಟ್ಟು ವಿಚಾರಿಸಬಹುದು.

ಹೊರದೇಶದಿಂದ ತರಿಸುವುದಾದರೆ ಕಸ್ಟಮ್ಸ್ ಸುಂಕ ಸೇರಿಸಿ ಬೆಲೆ ಲೆಕ್ಕ ಹಾಕಿ. ಅದನ್ನು ಮರೆತು ಆಮೇಲೆ ಪೇಚಾಡಿದವರು ಬಹಳ.

ಇನ್ನು ಬೆಂಗಳೂರಿನ ಸಂಡೇ ಬಜಾರ್, ಮುಂಬೈಯ ಚೋರ್ ಬಜಾರ್. ಹೋಗಿ, ಕಣ್ಣಿಗೆ ಅಭ್ಯಾಸ ಆಗುತ್ತದೆ. ಅಲ್ಲಿ ಸಿಗುವುದನ್ನು ಬಿಡಿಭಾಗದ ಬೆಲೆಗೆ ಮಾತ್ರ ಕೊಳ್ಳಿ.

ಮೊದಲ ವಾಚು ಯಾವುದು ಕೊಳ್ಳಲಿ?

ಸಿಡಬ್ಲ್ಯೂಸಿಯ ಬ್ಯಾಟರಿ ಜಿ10. ಕಡಿಮೆ ಬೆಲೆ, ಬೆನ್ನಿನ ಮೇಲೆ ಬಾಣ, ನಂಬರು, ಇಸವಿ ಎಲ್ಲ ಸ್ಪಷ್ಟ. ನಂಬರು ಓದುವುದನ್ನು ಅದರಲ್ಲೇ ಕಲಿಯಿರಿ. ಕೀ ಕೊಡುವುದೇ ಬೇಕು ಅಂದರೆ ಹ್ಯಾಮಿಲ್ಟನ್ ಡಬ್ಲ್ಯೂ10. ಮೂರು ಡಬ್ಲ್ಯೂ ಬೇಕು ಅಂದರೆ ರೆಕಾರ್ಡ್, ಸೀಮಾ, ವರ್ಟೆಕ್ಸ್ ಕಡೆಯಿಂದ ಶುರು ಮಾಡಿ. ಐಡಬ್ಲ್ಯೂಸಿ, ಲಾಂಜೀನ್ಸ್, ಗ್ರಾನಾ ಆಮೇಲೆ ಇರಲಿ. ರೋಲೆಕ್ಸ್ 1970ರ ದಶಕದಲ್ಲಿ ಬ್ರಿಟಿಷ್ ಸೇನೆಗೆ ಮಾಡಿಕೊಟ್ಟ ಸಬ್‌ಮರೀನರ್ ಅಂತೂ ಸೈಟಿನ ಬೆಲೆ ಬಾಳುತ್ತದೆ. ಅದನ್ನು ಬಲ್ಲವರ ಜೊತೆ ಕೂತು ನೋಡದೆ ಮುಂಗಡ ಕೊಡಬೇಡಿ.

ಪಟ್ಟಿ ಹಾಕುವ ಕಡ್ಡಿ ಬಿಚ್ಚಲು ಬರುತ್ತಿಲ್ಲ. ಕತ್ತರಿಸಿ ಬೇರೆ ಹಾಕಿಸಲಾ?

ಅಯ್ಯೋ, ಬೇಡ. ಅದು ಕೇಸಿಗೇ ಸೇರಿಸಿದ ಕಡ್ಡಿ. ಹೊಡೆತ ಬಿದ್ದರೂ ವಾಚು ಕೈಯಿಂದ ಕಳಚಬಾರದು ಅಂತ ಸೇನೆಯೇ ಹಾಗೆ ಮಾಡಿಸಿದ್ದು. ಅದು ಇರುವುದೂ ಅಸಲಿತನದ ಒಂದು ಗುರುತು. ಕಡ್ಡಿಯ ಕೆಳಗೆ ತೂರಿಸುವ ಒಂದೇ ಉದ್ದದ ನೈಲಾನ್ ಪಟ್ಟಿ ಸಿಗುತ್ತದೆ, ನ್ಯಾಟೋ ಪಟ್ಟಿ ಅಂತ ಕೇಳಿ. ಹಳೆಯವಕ್ಕೆ ಹೆಚ್ಚಾಗಿ 18 ಮಿಲಿಮೀಟರ್ ಅಗಲ ಹೊಂದುತ್ತದೆ.

ದಿನಾ ಕಟ್ಟಿಕೊಳ್ಳಬಹುದಾ? ಸರ್ವಿಸ್ ಹೇಗೆ?

ಕಟ್ಟಿಕೊಳ್ಳಿ. ಆದರೆ "ನೀರು ತಡೆಯುವ" ಅನ್ನುವ ಮಾತು 1945ಕ್ಕೆ ನಿಜ, ಇವತ್ತಿಗಲ್ಲ. ರಬ್ಬರು ಒಣಗಿರುತ್ತದೆ. ಕೈತೊಳೆಯುವಾಗಲೂ ಬಿಚ್ಚಿಡಿ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಟ್ಟುಬಿಡಿ. ಡಯಲ್‌ಗೆ ತೇವ ಸೇರಿದರೆ ಮತ್ತೆ ಸರಿ ಮಾಡಲಾಗದು.

ಕೀ ಕೊಡುವಾಗ ಬಿಗಿ ಅನ್ನಿಸಿದ ಕೂಡಲೇ ನಿಲ್ಲಿಸಿ. ಕೊಂಡ ಮೇಲೆ ಒಮ್ಮೆ ಬಿಚ್ಚಿ ತೊಳೆದು ಎಣ್ಣೆ ಹಾಕಿಸಿ. ಒಣಗಿದ ಎಣ್ಣೆಯಲ್ಲಿ ಓಡಿಸಿದರೆ ಹಲ್ಲು ಸವೆಯುತ್ತದೆ. ಎಚ್‌ಎಂಟಿ ಬಿಚ್ಚಿ ಕೈ ಪಳಗಿದ ಹಳೆಯ ರಿಪೇರಿಯವರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಒಮೆಗಾ 30ಟಿ2, ಇಟಿಎ 2750 ಅಂಥವರಿಗೆ ಕಷ್ಟವಲ್ಲ. ಕೊಡುವಾಗ ಒಂದು ಚೀಟಿಯಲ್ಲಿ ಬರೆದೇ ಕೊಡಿ: ಕೇಸು ಪಾಲಿಶ್ ಬೇಡ, ಡಯಲ್ ಮುಟ್ಟುವುದು ಬೇಡ, ಮುಳ್ಳಿಗೆ ಬಣ್ಣ ಬೇಡ, ಬದಲಿಸಿದ ಹಳೆಯ ಭಾಗಗಳೆಲ್ಲ ಒಂದು ಪೊಟ್ಟಣದಲ್ಲಿ ವಾಪಸ್ ಬೇಕು. ಅವರು ಪ್ರೀತಿಯಿಂದಲೇ ಹೊಳಪು ಕೊಟ್ಟು ಕಳಿಸುತ್ತಾರೆ. ಆ ಹೊಳಪಿನಲ್ಲಿ ಬೆನ್ನಿನ ಬಾಣವೇ ಅಳಿಸಿಹೋಗಿರುವ ಒಂದು ಎ.ಟಿ.ಪಿ. ವಾಚನ್ನು ನಾನು ಹೋದ ವರ್ಷ ಕೈಯಲ್ಲಿ ಹಿಡಿದು ನೋಡಿದೆ. ಓಡುವುದೇನೋ ಚೆನ್ನಾಗಿ ಓಡುತ್ತಿತ್ತು.